ಬಿಲ್ ಓದದೆ ಬಾಗಿಲು ದಾಟಬೇಡಿ: ದಾವಣಗೆರೆಯ ಸೂಪರ್ ಮಾರ್ಕೆಟ್‌ನಲ್ಲಿ ನನಗಾದದ್ದು

ಹೋದ ತಿಂಗಳು ನಮ್ಮೂರಿನ ಒಂದು ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಹಾಕಿದರೆ ನೀವು ಆ ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋಗುತ್ತೀರಿ, ಅಲ್ಲಿ ಇದೇ ಕಥೆ ಆಗುತ್ತದೆ.

ನಮ್ಮ ಮನೆ ವಿದ್ಯಾನಗರದಲ್ಲಿ. ಮೊದಲೆಲ್ಲ ತಿಂಗಳ ಕಿರಾಣಿ ಮಂಡಿಪೇಟೆಯಿಂದ ಬರುತ್ತಿತ್ತು. ಅತ್ತೆ ಚೀಟಿ ಬರೆದು ಕಳಿಸಿದರೆ ಸಂಜೆ ಹೊತ್ತಿಗೆ ಹುಡುಗ ಸಾಮಾನು ತಂದು ಇಳಿಸುತ್ತಿದ್ದ. ಬೇಳೆಯಲ್ಲಿ ಹುಳ ಕಂಡರೆ ಮಾರನೇ ದಿನ ಬದಲು ಕೊಡುತ್ತಿದ್ದರು, ಒಂದು ಮಾತಿಲ್ಲ. ಹಾಗಂತ ಅವರೇನು ದೇವರಲ್ಲ. ನೀರು ಬಿಟ್ಟ ಹಳೇ ಬೆಲ್ಲವನ್ನು ಎಷ್ಟೋ ಸಲ ಕಣ್ಣುಮುಚ್ಚಿ ಕಟ್ಟಿ ಕಳಿಸಿದ್ದಾರೆ. ಅದಕ್ಕೇ ನಾವು ದೊಡ್ಡ ಅಂಗಡಿ ಹಿಡಿದದ್ದು. ಎಲ್ಲ ಕಣ್ಣೆದುರೇ ಇರುತ್ತದೆ, ಬೆಲೆ ಬರೆದಿರುತ್ತದೆ, ಮೋಸಕ್ಕೆ ಜಾಗವೆಲ್ಲಿ ಎಂದುಕೊಂಡೆವು.

ಅದು ಭಾನುವಾರ ಸಂಜೆ. ಗಾಡಿ ತಳ್ಳಲು ಜಾಗವಿಲ್ಲದಷ್ಟು ಜನ. ತೊಗರಿಬೇಳೆ ಸಾಲಿನಲ್ಲಿ ಹಳದಿ ಕಾರ್ಡ್ ಹಾಕಿದ್ದರು, ಕಿಲೋಗೆ ₹128. ಎರಡು ಪ್ಯಾಕೆಟ್ ಹಾಕಿಕೊಂಡೆ. ಬಟ್ಟೆ ಸೋಪಿನ ಪುಡಿಗೆ ‘ಒಂದು ಕೊಂಡರೆ ಒಂದು ಉಚಿತ’ ಅಂತ ಇತ್ತು. ಅದೂ ಎರಡು ಬಂತು. ಐದು ಲೀಟರ್‌ನ ಒಂದು ಕುಕ್ಕರ್ ಕೂಡ ತಗೊಂಡೆ, ₹1,899. ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ ಎಂದು ಗೊತ್ತಿದ್ದರಿಂದ ಡಬ್ಬದ ಮೇಲೆ ಅದನ್ನು ಹುಡುಕಿ ನೋಡಿದೆ, ಇತ್ತು. ದೊಡ್ಡ ಜಾಣೆ ನಾನು. ಡಬ್ಬ ತೆಗೆದು ಮುಚ್ಚಳ ಹಾಕಿ ನೋಡಲಿಲ್ಲ.

ಬಿಲ್ ಹಾಕುವ ಹುಡುಗಿ ಮೊದಲು ಕೇಳಿದ್ದು ಮೊಬೈಲ್ ನಂಬರ್. ನಂಬರ್ ಕೊಡಲೇಬೇಕು ಎಂದು ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಗಳಿಗೆ ಹೇಳಿದೆ. ನನಗದು ಆಗ ಗೊತ್ತಿರಲಿಲ್ಲ, ಕೊಟ್ಟೆ. ಈಗ ದಿನಕ್ಕೆರಡು ಆಫರ್ ಮೆಸೇಜು. ಒಟ್ಟು ₹5,236 ಆಯಿತು. ಹಿಂದೆ ಸಾಲು ಬೆಳೆಯುತ್ತಿತ್ತು, ಮಗ ಐಸ್‌ಕ್ರೀಮ್ ಅಂತ ಸೆರಗು ಎಳೆಯುತ್ತಿದ್ದ. ದುಡ್ಡು ಕಟ್ಟಿ ಹೊರಟೆವು. ಬಾಗಿಲಲ್ಲಿ ಸೆಕ್ಯುರಿಟಿಯವರು ಬಿಲ್ ನೋಡಿ, ಸಾಮಾನು ಎಣಿಸಿ, ಸೀಲ್ ಒತ್ತಿದರು. ಆ ಸೀಲ್ ನೋಡಿ ಏನೋ ಸಮಾಧಾನ ಆಗುತ್ತದೆ, ಅಲ್ವಾ? ಆದರೆ ಅವರು ನೋಡುವುದು ನಾವು ಜಾಸ್ತಿ ಒಯ್ಯುತ್ತಿದ್ದೇವಾ ಅಂತ. ನಮ್ಮಿಂದ ಜಾಸ್ತಿ ತಗೊಂಡಿದ್ದಾರಾ ಅಂತ ನೋಡುವವರು ಅಲ್ಲಿ ಯಾರೂ ಇಲ್ಲ.

ಮನೆಗೆ ಬಂದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಬಿಲ್ ಹಿಡಿದು ಕೂತರು. ಮಂಡಿಪೇಟೆ ಲೆಕ್ಕದ ಪುಸ್ತಕ ಮೂವತ್ತು ವರ್ಷ ನೋಡಿದ ಕಣ್ಣು.

‘ನೋಡವ್ವಾ, ಬೇಳೆ ಎಷ್ಟಂದಿ?’

‘ನೂರಾ ಇಪ್ಪತ್ತೆಂಟು.’

‘ಇಲ್ಲಿ ನೂರಾ ನಲವತ್ತೊಂಬತ್ತು ಅಂತ ಐತಲ್ಲ.’

ಎರಡು ಪ್ಯಾಕೆಟ್‌ಗೆ ₹42 ಜಾಸ್ತಿ. ಸೋಪಿನ ಪುಡಿ ಎರಡಕ್ಕೂ ₹145ರಂತೆ ಹಾಕಿದ್ದರು, ಉಚಿತದ ಸುದ್ದಿಯೇ ಇಲ್ಲ. ಸೇರಿಸಿದರೆ ₹187. ಬಿಲ್ಲಿನ ಕೆಳಗೆ ಮಾತ್ರ ದಪ್ಪ ಅಕ್ಷರದಲ್ಲಿ ‘ನೀವು ಉಳಿಸಿದ್ದು ₹612’ ಅಂತ ಇತ್ತು. ಈ ಉಳಿತಾಯದ ಗುಟ್ಟು ನನಗೆ ಅವತ್ತೇ ಹೊಳೆದದ್ದು. ಅದು ಕಾರ್ಡಿನ ಬೆಲೆಗೆ ಹೋಲಿಸಿದ ಲೆಕ್ಕವಲ್ಲ, ಪ್ಯಾಕೆಟ್ ಮೇಲಿನ ಎಂಆರ್‌ಪಿಗೆ ಹೋಲಿಸಿದ್ದು. ಬೇಳೆ ಪ್ಯಾಕೆಟ್ ಮೇಲೆ ಎಂಆರ್‌ಪಿ ₹185 ಇತ್ತು. ಹಾಗಾಗಿ ₹21 ಜಾಸ್ತಿ ಕಿತ್ತುಕೊಂಡರೂ ಅವರ ಲೆಕ್ಕದಲ್ಲಿ ನನಗೆ ₹36 ಉಳಿತಾಯ.

ಕುಕ್ಕರ್ ತೆಗೆದರೆ ಅದರ ಮುಚ್ಚಳ ಕೂರುತ್ತಿಲ್ಲ. ಹಿಡಿ ಎಷ್ಟು ತಿರುಗಿಸಿದರೂ ಅರ್ಧಕ್ಕೇ ನಿಲ್ಲುತ್ತದೆ.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಹೋದೆವು. ಕಸ್ಟಮರ್ ಸರ್ವೀಸ್ ಎಂದು ಬೋರ್ಡ್ ಇದ್ದ ಮೇಜಿನ ಹಿಂದೆ ಯಾರೂ ಇರಲಿಲ್ಲ. ಇಪ್ಪತ್ತು ನಿಮಿಷ ಕಾದ ಮೇಲೆ ಒಬ್ಬ ಹುಡುಗ ಬಂದ. ಬೇಳೆ ವಿಷಯ ಹೇಳಿದೆ. ‘ಸಿಸ್ಟಂನಲ್ಲಿ ಇರೋದೇ ರೇಟ್ ಮೇಡಂ’ ಅಂದ. ಕಾರ್ಡ್ ತೋರಿಸುತ್ತೇನೆ ಬಾ ಎಂದು ಕರೆದುಕೊಂಡು ಹೋದರೆ ಹಳದಿ ಕಾರ್ಡ್ ಇಲ್ಲ! ಅಲ್ಲಿ ಈಗ ಬಿಳಿ ಕಾರ್ಡ್, ₹149. ಸೋಪಿನ ಪುಡಿಯ ಕಾರ್ಡ್ ಇತ್ತು, ಆದರೆ ಎರಡು ಕಿಲೋ ಪ್ಯಾಕೆಟ್‌ಗಳ ಕೆಳಗೆ ಸರಿದಿತ್ತು. ನಿನ್ನೆ ಒಂದು ಕಿಲೋದ ಕೆಳಗೆ ಇತ್ತು ಎಂದು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ?

ಕುಕ್ಕರ್‌ದು ಇನ್ನೂ ಚೆಂದ. ‘ಬಾಕ್ಸ್ ಓಪನ್ ಆಗಿದೆ, ತಗೊಳ್ಳೋಕೆ ಬರಲ್ಲ.’ ಅಲ್ಲಪ್ಪಾ, ಡಬ್ಬ ತೆಗೆಯದೆ ಮುಚ್ಚಳ ಕೂರುವುದಿಲ್ಲ ಎಂದು ಗೊತ್ತಾಗುವುದು ಹೇಗೆ? ಬಿಲ್ಲಿನ ಹಿಂದೆ ಅವರೇ ‘7 ದಿನದೊಳಗೆ ಬದಲಾಯಿಸಿಕೊಳ್ಳಬಹುದು’ ಎಂದು ಅಚ್ಚು ಹಾಕಿಸಿದ್ದಾರೆ. ಕೇಳಿದರೆ ಕಂಪನಿ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ ಅಂದ. ಮ್ಯಾನೇಜರ್ ಎಲ್ಲಿ ಅಂದರೆ ಊಟಕ್ಕೆ ಹೋಗಿದ್ದಾರೆ. ಹನ್ನೊಂದೂವರೆಗೆ ಊಟ. ನಮ್ಮ ಯಜಮಾನರು ಕೂಗಾಡಿದರು. ಅದರಿಂದ ಏನೂ ಆಗಲಿಲ್ಲ, ಆ ಹುಡುಗನ ಮುಖ ಬಾಡಿದ್ದು ಬಿಟ್ಟರೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಹತ್ತು ತಾಸು ನಿಲ್ಲುವ ಹುಡುಗ, ಅವನ ಕೈಲೇನಿದೆ? ಹೊರಡುವಾಗ ಅವನೇ ಮೆಲ್ಲಗೆ ಹೇಳಿದ: ‘ಆಫರ್ ಮುಗಿದ ತಕ್ಷಣ ಕಂಪ್ಯೂಟರ್‌ನಲ್ಲಿ ರೇಟ್ ಬದಲಾಗುತ್ತೆ ಮೇಡಂ, ಕಾರ್ಡ್ ಬದಲಾಯಿಸೋದು ನಾವು, ಕೈ ಖಾಲಿ ಆದಾಗ.’ ಅಂದರೆ ಆ ನಡುವಿನ ಹೊತ್ತಿನಲ್ಲಿ ಬೇಳೆ ತಗೊಂಡವರೆಲ್ಲ ನನ್ನ ಹಾಗೇ.

ಸಂಜೆ ಮತ್ತೆ ಹೋದಾಗ ಮ್ಯಾನೇಜರ್ ಸಿಕ್ಕರು. ದುಡ್ಡು ಕೊಡುವುದಿಲ್ಲ, ಕ್ರೆಡಿಟ್ ನೋಟ್ ಕೊಡುತ್ತೇವೆ, ಒಂದು ತಿಂಗಳಲ್ಲಿ ಇಲ್ಲೇ ಖರ್ಚು ಮಾಡಿ ಅಂದರು. ಬೇಡ ಎಂದು ಬಂದೆ.

ಮನೆಗೆ ಬಂದು 1915ಕ್ಕೆ ಫೋನ್ ಮಾಡಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬಿಲ್ ನಂಬರ್, ದಿನಾಂಕ, ಏನಾಯಿತು ಎಲ್ಲ ಕೇಳಿ ಬರೆದುಕೊಂಡರು, ದೂರಿನ ನಂಬರ್ ಮೆಸೇಜ್ ಬಂತು. ಒಂದು ಮಾತು ತಿಳಿದಿರಲಿ: ಅವರು ನಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಅದು ಇರುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಅಲ್ಲಿಗೆ ಹೋಗಲು ವಕೀಲರು ಇರಲೇಬೇಕೆಂದಿಲ್ಲ, ₹5 ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಗಡುವಿನೊಳಗೆ ವಾಪಸ್ ತಗೊಂಡು ದುಡ್ಡು ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಗಡುವೇ ಇಲ್ಲದಿದ್ದರೆ 30 ದಿನ.

ನನಗೆ ಅಲ್ಲಿತನಕ ಹೋಗುವ ಕೆಲಸ ಬೀಳಲಿಲ್ಲ. ಒಂಬತ್ತನೇ ದಿನ ಅಂಗಡಿಯಿಂದಲೇ ಫೋನ್ ಬಂತು. ‘ಮೇಡಂ, ಕುಕ್ಕರ್ ತಗೊಂಡು ಬನ್ನಿ, ದುಡ್ಡು ಅಕೌಂಟ್‌ಗೆ ಹಾಕ್ತೀವಿ.’ ಅದೇ ಮ್ಯಾನೇಜರ್. ಧ್ವನಿ ಮಾತ್ರ ಬೇರೆ. ₹1,899 ಬಂತು. ₹187 ಬರಲಿಲ್ಲ. ಕಾರ್ಡಿನಲ್ಲಿ ಬೇರೆ ಬೆಲೆ ಇತ್ತು ಎನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಎಂಆರ್‌ಪಿಗಿಂತ ಜಾಸ್ತಿ ತಗೊಂಡಿದ್ದರೆ ತೂಕ ಮತ್ತು ಅಳತೆ ಇಲಾಖೆಗೆ ದೂರು ಕೊಡಬಹುದಿತ್ತು, ಪ್ಯಾಕೆಟ್ಟೇ ಸಾಕ್ಷಿ. ಇಲ್ಲಿ ಎಂಆರ್‌ಪಿಯೊಳಗೇ ಆಟ ಆಡಿದ್ದರು.

ಆದ್ದರಿಂದ ಈಗ ಆಫರ್ ಕಾರ್ಡ್ ಕಂಡರೆ ಮೊದಲು ಒಂದು ಫೋಟೋ, ಆಮೇಲೆ ಪ್ಯಾಕೆಟ್‌ಗೆ ಕೈ. ಕುಕ್ಕರ್, ಮಿಕ್ಸಿಯಂಥದ್ದನ್ನು ಅಂಗಡಿಯಲ್ಲೇ ತೆಗೆಸಿ ನೋಡುತ್ತೇನೆ, ಅವರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ. ಬಿಲ್ಲನ್ನು ಸೀಲ್ ಬೀಳುವ ಮೊದಲು, ಗಾಡಿ ಪಕ್ಕಕ್ಕೆ ನಿಲ್ಲಿಸಿ, ಸಾಲು ಸಾಲಾಗಿ ಓದುತ್ತೇನೆ. ಬಿಲ್ಲಿನದೂ ಒಂದು ಫೋಟೋ ಬೇಕು. ಆ ನುಣುಪು ಕಾಗದದ ಅಕ್ಷರ ಎರಡು ಮೂರು ತಿಂಗಳಲ್ಲಿ ಮಾಸಿ ಹೋಗುತ್ತದೆ, ನನ್ನ ಹಳೇ ಫ್ಯಾನ್ ಬಿಲ್ ಈಗ ಬರೀ ಬಿಳಿ ಹಾಳೆ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಹೌದು, ಅದಕ್ಕೇ, ಮನೆಗೆ ಹತ್ತಿರ. ಕಡ್ಲೆಬೇಳೆಗೆ ಬಿಲ್ಲಿನಲ್ಲಿ ₹11 ಜಾಸ್ತಿ ಬಂತು. ಏನೂ ಮಾತಾಡದೆ ಮೊಬೈಲ್ ಮುಂದೆ ಹಿಡಿದೆ. ಹುಡುಗಿ ಫೋಟೋ ನೋಡಿದಳು, ಮೇಲ್ವಿಚಾರಕರನ್ನು ಕರೆದಳು, ಅವರು ಕೀ ತಿರುಗಿಸಿ ಬೆಲೆ ತಿದ್ದಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ನನ್ನ ಹಿಂದೆ ನಿಂತಿದ್ದ ಅಜ್ಜ ತಮ್ಮ ಗಾಡಿಯಲ್ಲಿದ್ದ ಕಡ್ಲೆಬೇಳೆ ಪ್ಯಾಕೆಟ್ ಎತ್ತಿ, ‘ನನಗೂ ಅದೇ ರೇಟ್ ಹಾಕಮ್ಮಾ’ ಅಂದರು.