ಬಳ್ಳಾರಿಯಲ್ಲಿ ಅಕ್ವೇರಿಯಂ ಇಡುವವರೇ, ‘ಮಿಕ್ಸ್’ ಮೀನಿನ ಕವರ್ ತರಬೇಡಿ

ಹೊಸದಾಗಿ ಅಕ್ವೇರಿಯಂ ಇಡೋ ಆಸೆ ಇದ್ದರೆ ಇಡಿ, ಬೇಡ ಅನ್ನಲ್ಲ. ಆದರೆ ಅಂಗಡಿಯವರು ತಾವೇ ಆರಿಸಿ ಕಟ್ಟಿಕೊಡುವ ‘ಮಿಕ್ಸ್’ ಕವರ್ ಮಾತ್ರ ತರಬೇಡಿ. ಎರಡು ಅಡಿ ಟ್ಯಾಂಕ್, ಫಿಲ್ಟರ್, ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಮೀನು ಎಲ್ಲಾ ಸೇರಿಸಿ ಒಂದು ರೇಟು ಹೇಳುತ್ತಾರೆ. ನಮಗೆ ಕೊಟ್ಟ ಕವರ್‌ನಲ್ಲಿ ಗೋಲ್ಡ್‌ಫಿಶ್, ಟೈಗರ್ ಬಾರ್ಬ್, ಏಂಜಲ್, ನಿಯಾನ್ ಟೆಟ್ರಾ, ‘ಶಾರ್ಕ್’ ಎಲ್ಲಾ ಜೋಡಿ ಜೋಡಿ ಇದ್ದವು. ಜೊತೆಗೆ ಗಾಜು ನೆಕ್ಕೋಕೆ ಅಂತ ಒಂದು ಸಕ್ಕರ್. ಇವೆಲ್ಲಾ ಒಟ್ಟಿಗೆ ಇರ್ತಾವಾ ಅಂತ ಕೇಳಿಯೇ ತಂದಿದ್ದು. “ನಮ್ ಟ್ಯಾಂಕ್ ನೋಡಿ ಅಣ್ಣ, ಒಟ್ಟಿಗೇ ಇದಾವಲ್ಲ” ಅಂದ.

ಇದ್ದವು, ನಿಜ. ಅಂಗಡಿಯಲ್ಲಿ ಇರೋದೆಲ್ಲಾ ಮರಿ. ಬಂದ ಕೆಲವೇ ದಿನಕ್ಕೆ ಮಾರಾಟ ಆಗಿಬಿಡುತ್ತವೆ. ಜಾಗ ಹಿಡಿಯೋಕೆ, ಜಗಳ ಆಡೋಕೆ ಪುರುಸೊತ್ತೇ ಸಿಗಲ್ಲ. ಬಸ್ ಸ್ಟ್ಯಾಂಡಿನ ಒಂದೇ ಬೆಂಚಿನ ಮೇಲೆ ಕೂತವರನ್ನು ತೋರಿಸಿ, ಇವರೆಲ್ಲಾ ಒಂದೇ ಮನೆಯಲ್ಲಿ ಸಂಸಾರ ಮಾಡ್ತಾರೆ ಅಂದ ಹಾಗಾಯಿತು.

ಮೊದಲು ಶುರುವಾಗಿದ್ದು ಟೈಗರ್ ಬಾರ್ಬ್ ಕಾಟ. ಏಂಜಲ್ ಹೊಟ್ಟೆಯ ಕೆಳಗೆ ದಾರದಂಥ ಎರಡು ಉದ್ದ ರೆಕ್ಕೆ ಇರುತ್ತವೆ. ಇವುಗಳ ಕಣ್ಣು ಅದರ ಮೇಲೆ. ಒಂದು ಮುಂದಿನಿಂದ ಬರೋದು, ಏಂಜಲ್ ಅತ್ತ ತಿರುಗೋದು, ಅಷ್ಟರಲ್ಲಿ ಇನ್ನೊಂದು ಹಿಂದಿನಿಂದ ಚಕ್ಕನೆ ಕಚ್ಚಿ ಓಡೋದು. ದಿನವಿಡೀ ಇದೇ. ದಾರಗಳು ಗಿಡ್ಡವಾಗುತ್ತಾ ಬುಡಕ್ಕೆ ಬಂದವು. ಆಮೇಲೆ ಬಾಲದ ಅಂಚು ಹರಿಯಿತು. ಹರಿದ ಕಡೆ ಬಿಳಿ ಬೂಷ್ಟು ಹಿಡಿಯಿತು. ಎರಡು ಏಂಜಲ್‌ಗಳೂ ಫಿಲ್ಟರ್ ಹಿಂದಿನ ಮೂಲೆಯಲ್ಲಿ ನಿಂತವು, ಕಾಳು ಹಾಕಿದರೂ ಹೊರಗೆ ಬರಲಿಲ್ಲ.

ಹಾಗಂತ ಟೈಗರ್ ಬಾರ್ಬ್ ಕೆಟ್ಟ ಮೀನಲ್ಲ. ಅದು ಗುಂಪಿನ ಮೀನು. ಆರೆಂಟು ಇದ್ದರೆ ಆ ಚೇಷ್ಟೆಯೆಲ್ಲಾ ತಮ್ಮತಮ್ಮಲ್ಲೇ ನಡೆಯುತ್ತೆ. ಆಗಲೂ ಉದ್ದ ರೆಕ್ಕೆಯ ಮೀನನ್ನು ಅದರ ಜೊತೆ ಬಿಡಬಾರದು. ನಮ್ಮಲ್ಲಿ ಎಲ್ಲವನ್ನೂ ಜೋಡಿ ಲೆಕ್ಕದಲ್ಲಿ ಮಾರುವ ಪದ್ಧತಿ ಇದೆಯಲ್ಲ, ಗುಂಪಿನ ಮೀನಿಗೆ ಅದು ದೊಡ್ಡ ಅನ್ಯಾಯ. ನಿಯಾನ್‌ಗೂ ಅಷ್ಟೇ, ಎರಡೇ ಇದ್ದರೆ ಹೆದರಿ ಬಣ್ಣ ಬಿಡುತ್ತವೆ.

ನಿಯಾನ್ ನಮ್ಮಲ್ಲಿ ಉಳಿಯಲೇ ಇಲ್ಲ. ಅದು ಅಮೆಜಾನ್ ಕಡೆಯ ಮೀನು, ಮೆದು ನೀರಿನದು. ನಮ್ಮ ಬೋರ್ ನೀರು ಹೇಗಿದೆ ಅಂತ ಬಚ್ಚಲ ನಲ್ಲಿಯ ಬಾಯಿ ನೋಡಿದರೆ ಗೊತ್ತಾಗುತ್ತೆ, ಬಿಳಿ ಸುಣ್ಣ ಕಟ್ಟಿರುತ್ತೆ. ಬದುಕಿದ್ದರೂ ಮುಂದೆ ಏಂಜಲ್ ಬಾಯಿಗೇ ಹೋಗಬೇಕಿತ್ತು. ಬೆಳೆದ ಏಂಜಲ್‌ಗೆ ಮೂರು ಸೆಂಟಿಮೀಟರ್ ನಿಯಾನ್ ಒಂದು ತುತ್ತು.

ಗೋಲ್ಡ್‌ಫಿಶ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ತರೋದೇ ಅದನ್ನು. ಅದಕ್ಕೆ 20 ಡಿಗ್ರಿ ಆಸುಪಾಸಿನ ತಣ್ಣೀರು ಹಿತ. ಏಂಜಲ್‌ಗೆ 25ರ ಮೇಲೆ ಹಿತ. ಬಳ್ಳಾರಿ ಬೇಸಿಗೆಯಲ್ಲಿ ಹೊರಗೆ 40 ದಾಟಿದಾಗ ಮನೆಯೊಳಗಿನ ಟ್ಯಾಂಕ್ ನೀರು ಸುಲಭವಾಗಿ 30 ದಾಟುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ಕಮ್ಮಿ. ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಗೋಲ್ಡ್‌ಫಿಶ್ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತೆ. ಮಕ್ಕಳು ಅದನ್ನು ನೋಡಿ ಹಸಿವು ಅಂದುಕೊಂಡು ಇನ್ನಷ್ಟು ಕಾಳು ಹಾಕುತ್ತಾರೆ.

ಜೊತೆಗೆ ಅದು ಜಾಸ್ತಿ ತಿನ್ನುವ, ಜಾಸ್ತಿ ಹೊಲಸು ಮಾಡುವ ಮೀನು. ಆ ಹೊಲಸಿನಿಂದ, ಉಳಿದ ಕಾಳಿನಿಂದ ನೀರಲ್ಲಿ ಅಮೋನಿಯಾ ಬರುತ್ತೆ. ಹಳೇ ಟ್ಯಾಂಕಿನ ಫಿಲ್ಟರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಅಂಗಡಿಯವ ಟ್ಯಾಂಕ್ ಮತ್ತು ಮೀನು ಒಂದೇ ದಿನ ಕೊಟ್ಟ! ಇನ್ನೊಂದು ಮಾತು: ನೀರಿನ ಪಿಎಚ್ (ಹುಳಿಯೋ ಕ್ಷಾರವೋ ಅನ್ನೋ ಅಳತೆ) ಹೆಚ್ಚಿದ್ದು, ಬಿಸಿಯೂ ಇದ್ದರೆ ಅದೇ ಅಮೋನಿಯಾ ಜಾಸ್ತಿ ವಿಷವಾಗುತ್ತೆ. ಬೋರ್ ನೀರು, ಬೇಸಿಗೆ ಎರಡೂ ಇರುವ ನಮ್ಮೂರಿಗೆ ಬೇರೆ ಊರಿನ ವಿಡಿಯೋ ನೋಡಿ ಮೀನು ತುಂಬಿಸಿದರೆ ಆಗಲ್ಲ.

ಮೀನು ಸಾಯೋಕೆ ಶುರುವಾದ ಮೇಲೆ ಕೇಳೋಕೆ ಹೋದರೆ ಸಿಕ್ಕಿದ್ದು ಒಂದು ನೀಲಿ ಔಷಧಿ ಬಾಟಲ್, “ಪೂರ್ತಿ ನೀರು ತೆಗೆದು ತೊಳೀರಿ” ಅನ್ನೋ ಸಲಹೆ, ಮತ್ತೆ ಇನ್ನೊಂದು ಜೋಡಿ ಮೀನು. ಹಾಗೆ ಎಲ್ಲಾ ತೊಳೆದರೆ ಇದ್ದಬದ್ದ ಬ್ಯಾಕ್ಟೀರಿಯಾವೂ ಹೋಗುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಿಡಿ. ಫಿಲ್ಟರ್ ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.

ಬೆರಳುದ್ದದ ಆ ‘ಶಾರ್ಕ್’ ಇದೆಯಲ್ಲ, ಅದು ಶಾರ್ಕೇ ಅಲ್ಲ. ಪಂಗಾಸ್ ಮೀನಿನ ಮರಿ, ಒಂದು ಮೀಟರ್ ದಾಟಿ ಬೆಳೆಯುತ್ತೆ. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರೋದು ಬಹುತೇಕ ಇದೇ. ಸಕ್ಕರ್ ಕೂಡ ಒಂದೂವರೆ ಅಡಿ ತಲುಪುವ ಜಾತಿ. “ಟ್ಯಾಂಕ್ ಎಷ್ಟಿರುತ್ತೋ ಅಷ್ಟೇ ಬೆಳೀತಾವೆ ಅಣ್ಣ” ಅನ್ನೋದನ್ನು ನಂಬಬೇಡಿ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗಿ ಬೇಗ ಸಾಯುತ್ತವೆ, ಅಷ್ಟೇ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಸುಮಾರು 56 ಲೀಟರ್. ಕಲ್ಲು ಹಾಕಿ, ಮೇಲೆ ಜಾಗ ಬಿಟ್ಟರೆ ಐವತ್ತಕ್ಕಿಂತ ಕಮ್ಮಿ. ನಮ್ಮ ಗಡಸು ನೀರಿಗೆ ಗಪ್ಪಿ, ಪ್ಲಾಟಿ ಚೆನ್ನಾಗಿ ಒಗ್ಗುತ್ತವೆ, ಒಂದಕ್ಕೊಂದು ಹೊಂದಿಕೊಂಡೂ ಇರುತ್ತವೆ. ಗಪ್ಪಿಯಲ್ಲಿ ಗಂಡು ಮಾತ್ರ ತನ್ನಿ, ಇಲ್ಲಾಂದ್ರೆ ಮರಿ ಹಂಚೋಕೆ ನೆಂಟರು ಸಾಲಲ್ಲ. ಚುರುಕು ಮೀನು ಬೇಕಾದರೆ ಆರು ಜೀಬ್ರಾ ಡ್ಯಾನಿಯೋ ತಂದು, ಉದ್ದ ಬಾಲದ ಗಪ್ಪಿ ಕೈಬಿಡಿ. ಗಂಡು ಫೈಟರ್ (ಬೆಟ್ಟಾ) ಮೀನು ಇವ್ಯಾವುದರ ಜೊತೆಗೂ ಬೇಡ, ಗಪ್ಪಿಯ ಬಾಲ ಕಂಡರೆ ಇನ್ನೊಂದು ಫೈಟರ್ ಅಂತ ಮೈಮೇಲೆ ಬೀಳುತ್ತೆ.

ಶಾರ್ಕ್, ಸಕ್ಕರ್ ವಾಪಸ್ ತಗೊಳ್ಳಿ ಅಂದಾಗ ಬಂದ ಉತ್ತರ: “ಕಾಲುವೆಗೆ ಬಿಟ್ಟುಬಿಡಿ ಅಣ್ಣ.” ದಯವಿಟ್ಟು ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಆಂಧ್ರ, ತೆಲಂಗಾಣದ ಕೆರೆ, ನದಿಗಳಲ್ಲಿ ಹೆಚ್ಚಿ ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ತುಂಗಭದ್ರಾ ಕಾಲುವೆ ನೀರೂ ಅತ್ತ ಕಡೆಗೇ ಹೋಗೋದು. ನಮ್ಮ ಮೂರನ್ನೂ ದೊಡ್ಡ ಸಿಮೆಂಟ್ ತೊಟ್ಟಿ ಇರುವ ಪರಿಚಯದವರು ಇಟ್ಟುಕೊಂಡರು. ಅಂಥವರು ಸಿಗದಿದ್ದರೆ ಬೇರೆ ಯಾವುದಾದರೂ ಅಂಗಡಿಗೆ ಸುಮ್ನೆ ಕೊಟ್ಟುಬಿಡಿ, ದುಡ್ಡು ಕೇಳದಿದ್ದರೆ ತಗೊಳ್ಳುತ್ತಾರೆ.