ಆಲೆಪ್ಪಿ ಹೌಸ್‌ಬೋಟಲ್ಲಿ ಬೆಕ್ಕಿನ ಜೊತೆ ಒಂದು ರಾತ್ರಿ: ಬೋಟ್ ಹೇಗಿತ್ತು, ಬುಕ್ ಮಾಡೋಕೆ ಮುಂಚೆ ಏನು ಕೇಳ್ಬೇಕು

ಬೆಕ್ಕನ್ನೂ ಹೌಸ್‌ಬೋಟಿಗೆ ಕರ್ಕೊಂಡು ಹೋಗ್ಬಹುದಾ ಅಂತ ಕೇಳಿದ್ರೆ ನನ್ನ ಉತ್ತರ ಧಾರಾಳವಾಗಿ ಹೋಗ್ಬಹುದು, ಆದ್ರೆ ಎಲ್ಲಾ ಬೆಕ್ಕಿಗೂ ಅಲ್ಲ, ಎಲ್ಲಾ ಬೋಟಿಗೂ ಅಲ್ಲ. ನಾವು ತಗೊಂಡಿದ್ದು ಒಂದೇ ಬೆಡ್‌ರೂಮಿನ ಪ್ರೈವೇಟ್ ಬೋಟು, ಮಧ್ಯಾಹ್ನ 12ಕ್ಕೆ ಹತ್ತಿ ಮಾರನೇ ದಿನ ಬೆಳಿಗ್ಗೆ 9ಕ್ಕೆ ಇಳಿಯೋದು, ಊಟ ತಿಂಡಿ ಸೇರಿ 9,000 ರೂಪಾಯಿ, ಹಗಲೂ ಎಸಿ ಬೇಕು ಅಂದಿದ್ದಕ್ಕೆ ಮೇಲೆ 1,500. ಬೆಕ್ಕಿಗೆ ಅಂತ ಬೇರೆ ದುಡ್ಡು ಕೇಳ್ಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಮ್ಮಿ ಅಂತ ಮುಂದೆ ಹೇಳ್ತೀನಿ. ಬೋಟಿನ ಹೆಸರು ಹಾಕ್ತಿಲ್ಲ, ಯಾಕಂದ್ರೆ ಅಲ್ಲಿ ಒಬ್ಬರ ಹತ್ರ ಬುಕ್ ಮಾಡಿದ್ರೆ ಆ ದಿನ ಯಾವ ಬೋಟ್ ಖಾಲಿ ಇರುತ್ತೋ ಅದನ್ನ ಕಳಿಸೋದೂ ಉಂಟು, ಹಾಗಾಗಿ ಹೆಸರಿಗಿಂತ ನಿಮಗೆ ಬರೋ ಬೋಟಿನ ರೂಮ್ ಹೇಗಿದೆ ಅನ್ನೋದೇ ಮುಖ್ಯ.

ನಮ್ಮನೇಲಿ ಎರಡು ಬೆಕ್ಕಿವೆ, ಗುಂಡ ಮತ್ತೆ ರಾಣಿ. ಕರ್ಕೊಂಡು ಹೋಗಿದ್ದು ಗುಂಡನ್ನ ಮಾತ್ರ. ಅವನು ಚಿಕ್ಕವನಿದ್ದಾಗಿಂದ ಕಾರಲ್ಲಿ ಮೈಸೂರು ಹಾಸನ ಅಂತ ಓಡಾಡಿದಾನೆ, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಹೊಸಬರು ಬಂದ್ರೆ ಮೂಸಿ ನೋಡಿ ಅಲ್ಲೇ ಮಲಗ್ತಾನೆ. ರಾಣಿ ಕುಕ್ಕರ್ ವಿಷಲ್ ಹೊಡೆದ್ರೆ ಮಂಚದಡಿ ಸೇರ್ಕೊಳ್ಳೋಳು, ಅವಳನ್ನ ಅತ್ತೆ ಹತ್ರ ಬಿಟ್ವಿ. ನಾವು ಹೋಗೋ ಕಡೆಯೆಲ್ಲಾ ಬೆಕ್ಕೂ ಬರ್ಲಿ ಅನ್ನೋದು ನಮ್ಮ ಆಸೆ, ಆದ್ರೆ ಬೆಕ್ಕಿಗೆ ಏನು ಬೇಕು ಅಂತ ಅದರ ಸ್ವಭಾವನೇ ಹೇಳುತ್ತೆ. ಮರಿಗಳು, ಕಿಡ್ನಿ ತೊಂದರೆ ಇರೋ ವಯಸ್ಸಾದ ಬೆಕ್ಕು, ಬೆದೆಗೆ ಬರೋ ಹೆಣ್ಣುಬೆಕ್ಕು, ಇವನ್ನ ದಯವಿಟ್ಟು ಮನೇಲೇ ಬಿಡಿ.

ಬೆಂಗಳೂರಿಂದ ಸೇಲಂ, ಕೊಯಮತ್ತೂರು, ಪಾಲಕ್ಕಾಡ್, ಕೊಚ್ಚಿ ಮೇಲೆ ಆಲೆಪ್ಪಿಗೆ ಹತ್ರತ್ರ 600 ಕಿಲೋಮೀಟರ್. ಬೆಕ್ಕಿದ್ರೆ ಒಂದೇ ದಿನದಲ್ಲಿ ಹೊಡ್ಕೊಂಡು ಹೋಗ್ಬೇಡಿ, ನಾವು ಕೊಯಮತ್ತೂರಲ್ಲಿ ಉಳ್ಕೊಂಡ್ವಿ. ಬೆಕ್ಕನ್ನ ಕೂರಿಸೋ ಬುಟ್ಟಿ, ಅಂದ್ರೆ ಕ್ಯಾರಿಯರ್‌ಗೆ ಸೀಟ್ ಬೆಲ್ಟ್ ಹಾಕಿ ಮೇಲೊಂದು ಹಳೇ ಕಾಟನ್ ಸೀರೆ ಹೊದಿಸಿದ್ರೆ ಸುಮ್ನೆ ಮಲಗುತ್ತೆ. ಟ್ರೈನಲ್ಲಾದ್ರೆ ಫಸ್ಟ್ ಕ್ಲಾಸ್ ಎಸಿಲಿ ಪೂರ್ತಿ ಕೂಪೆನೋ ಕ್ಯಾಬಿನ್ನೋ ನಿಮ್ಮದೇ ಆಗಿದ್ರೆ ಮಾತ್ರ ಜೊತೆಗೆ ಇಟ್ಕೊಳ್ಳೋಕೆ ಬಿಡೋದು, ಬೇರೆ ಕ್ಲಾಸಲ್ಲಿ ಇಲ್ಲ. ರೇಬೀಸ್ ಲಸಿಕೆ ಹಾಕ್ಸಿರೋ ಪುಸ್ತಕ ಜೊತೇಲಿರ್ಲಿ.

ಈಗ ಬೋಟಿನ ವಿಷಯ. ಆಲೆಪ್ಪಿ ಹೌಸ್‌ಬೋಟ್ ಅಂದ್ರೆ ಹಿಂದೆ ಆಲೆಪ್ಪಿ ಸುತ್ತಲಿನ ಭತ್ತದ ಸೀಮೆ ಕುಟ್ಟನಾಡಿಂದ ಭತ್ತ ಅಕ್ಕಿ ಸಾಗಿಸ್ತಿದ್ದ ಕೆಟ್ಟುವಳ್ಳಂ, ಹಲಗೆಗಳನ್ನ ಮೊಳೆ ಹೊಡೀದೆ ತೆಂಗಿನ ನಾರಿನ ಹಗ್ಗದಲ್ಲೇ ಹೊಲಿದು ಕಟ್ಟೋ ದೋಣಿ, ಅದರ ಮೇಲೆ ಬಿದಿರು ಚಾಪೆ ಸೂರು. ನೋಡೋಕೆ ತುಂಬಾ ಚೆಂದ, ಆದ್ರೆ ಬೆಕ್ಕಿನ ಕಣ್ಣಲ್ಲಿ ನೋಡಿದ್ರೆ ಎಲ್ಲೆಲ್ಲೂ ಸಂದಿ. ನಮ್ಮ ಬೋಟಲ್ಲಿ ಮುಂದೆ ತೆರೆದ ಜಗಲಿ, ಅಲ್ಲೇ ಡ್ರೈವರ್ ಕೂರೋ ಜಾಗ, ಸೋಫಾ, ಊಟದ ಟೇಬಲ್. ಅದಾದ್ಮೇಲೆ ಬೆಡ್‌ರೂಮು ಬಾತ್‌ರೂಮು, ಹಿಂದೆ ಅಡುಗೆಮನೆ ಮತ್ತೆ ಇಂಜಿನ್. ಫೋಟೋ ಹಾಕೋರೆಲ್ಲಾ ಆ ಮುಂದಿನ ಜಗಲಿನೇ ತೋರಿಸ್ತಾರೆ. ಬೆಕ್ಕಿರೋರಿಗೆ ಬೇಕಾಗಿರೋದು ಬೆಡ್‌ರೂಮು, ಅದರ ಬಾಗಿಲು ಸರಿಯಾಗಿ ಹಾಕ್ಕೊಳ್ಳುತ್ತಾ, ಕಿಟಕಿ ಗಾಜು ಬೀಗ ಆಗುತ್ತಾ, ಮತ್ತೆ ಯಾರೂ ನೋಡದೇ ಇರೋದು ಅಂದ್ರೆ ಬಾತ್‌ರೂಮಿನ ವೆಂಟಿಲೇಟರ್. ಅದರ ಆಚೆ ನೇರವಾಗಿ ನೀರು. ನಾನು ಬುಕ್ ಮಾಡೋವಾಗ್ಲೇ ವಿಡಿಯೋ ಕಾಲಲ್ಲಿ ಎಲ್ಲಾ ತೋರ್ಸಿ ಅಂದಿದ್ದೆ, ಬಾಗಿಲು ಕಿಟಕಿ ತೋರ್ಸಿದ್ರು, ಬಾತ್‌ರೂಮ್ ಮಾತ್ರ ಬಂದ್ಮೇಲೆ ನೋಡಿ ಅಂದ್ರು. ಹೋಗಿ ನೋಡಿದ್ರೆ ವೆಂಟಿಲೇಟರಿನ ಗಾಜಿನ ಪಟ್ಟಿ ಒಂದು ಇರ್ಲಿಲ್ಲ, ಗುಂಡನ ತಲೆ ಆರಾಮಾಗಿ ತೂರೋವಷ್ಟು ಜಾಗ. ತಲೆ ತೂರಿದ್ರೆ ಆಯ್ತಲ್ಲ, ಮೈಯೂ ತೂರುತ್ತೆ. ಹೇಳಿದ್ಮೇಲೆ ಹೆಲ್ಪರ್ ಹುಡುಗ ಬೇಜಾರಿಲ್ದೆ ಒಂದು ಪ್ಲೈವುಡ್ ತುಂಡು ತಂದು ಬಿಗಿದು ಕೊಟ್ಟ, ಅದಾಗೋವರೆಗೂ ಗುಂಡನ್ನ ಕ್ಯಾರಿಯರಿಂದ ತೆಗೀಲಿಲ್ಲ. ಆ ಒಂದು ಸ್ಟಾರ್ ಹೋಗಿದ್ದು ಇದಕ್ಕೇ, ಬೆಕ್ಕು ತರ್ತೀವಿ ಅಂತ ಮುಂಚೆನೇ ಹೇಳಿದ್ಮೇಲೆ ಇದು ಸರಿಯಾಗಿರ್ಬೇಕಿತ್ತು.

ಎಸಿ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ. ಮಾಮೂಲಿ ಪ್ಯಾಕೇಜಲ್ಲಿ ಎಸಿ ಹಾಕೋದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಮನುಷ್ಯರಿಗೆ ಅದು ಸಾಕು, ಹಗಲೆಲ್ಲಾ ಹೊರಗಡೆ ಗಾಳೀಲಿ ಕೂತಿರ್ತೀವಿ. ಬೆಕ್ಕು ಕಿಟಕಿ ಬಾಗಿಲು ಹಾಕಿರೋ ರೂಮಲ್ಲಿ ಇರುತ್ತೆ, ಅಲ್ಲಿನ ಸೆಕೆ ನಿಮಗೆ ಗೊತ್ತಲ್ಲ, ಮೈಗೆ ಅಂಟೋ ಸೆಕೆ, ಗಾಳಿ ಆಡದ ರೂಮಲ್ಲಿ ಬೆಕ್ಕಿಗೆ ಅದು ನಿಜವಾಗ್ಲೂ ಅಪಾಯ. ನಾಯಿ ಬಾಯಿ ತೆಗ್ದು ಏದುಸಿರು ಬಿಟ್ರೆ ಅದು ಮಾಮೂಲು, ಬೆಕ್ಕು ಹಾಗೆ ಮಾಡಿದ್ರೆ ಅದಕ್ಕೆ ಕಷ್ಟ ಆಗ್ತಿದೆ ಅಂತಾನೇ. ಹಾಗಾಗಿ ಹಗಲೂ ಎಸಿ ಬೇಕು ಅಂತ ಮೊದ್ಲೇ ಮಾತಾಡಿ, ದುಡ್ಡು ಎಷ್ಟು ಅಂತ ವಾಟ್ಸಾಪಲ್ಲಿ ಬರ್ಸ್ಕೊಳ್ಳಿ. ಜನರೇಟರ್ ಸದ್ದು ಇರುತ್ತೆ, ಆದ್ರೂ ಸೆಕೆಗಿಂತ ಸದ್ದು ವಾಸಿ. ಹೋಗೋದು ಡಿಸೆಂಬರಿಂದ ಫೆಬ್ರವರಿ ಒಳಗೆ ಹೋಗಿ, ಹೊಸ ವರ್ಷದ ರಾತ್ರಿ ಮಾತ್ರ ಬೇಡ, ಪಟಾಕಿ ಹೊಡೀತಾರೆ. ಮಳೆಗಾಲದಲ್ಲಿ ಕುಟ್ಟನಾಡಲ್ಲಿ ನೀರು ಏರೋದು ಹೊಸದಲ್ಲ, ಗದ್ದೆಗಳೇ ಸಮುದ್ರ ಮಟ್ಟಕ್ಕಿಂತ ಕೆಳಗಿರೋ ಊರು ಅದು, 2018ರಲ್ಲಿ ಊರಿಗೆ ಊರೇ ಖಾಲಿ ಮಾಡ್ಸಿದ್ರು.

ಆಲೆಪ್ಪಿಯ ಪುನ್ನಮಡ ಕೆರೆ ಹತ್ರ ಬೋಟ್ ಹತ್ತಿದ್ವಿ, ನೆಹರೂ ಟ್ರೋಫಿ ದೋಣಿ ರೇಸ್ ನಡೆಯೋದು ಅಲ್ಲೇ. ಇಂಜಿನ್ ಸ್ಟಾರ್ಟ್ ಆಗಿದ್ದೇ ಗುಂಡ ಕಿವಿ ಹಿಂದಕ್ಕೆ ಮಡಚಿ ಕ್ಯಾರಿಯರ್ ಒಳಗೆ ಹೋಗಿ ಕೂತ. ಸದ್ದಿಗಿಂತ ನೆಲದ ಹಲಗೆ ಅದುರೋದು ಅವನಿಗೆ ಹಿಡಿಸ್ಲಿಲ್ಲ ಅನ್ಸುತ್ತೆ. ಎತ್ಕೊಂಡು ಹೊರಗೆ ತಂದು ನೋಡು ನೀರು ನೋಡು ಅಂತ ತೋರ್ಸೋ ಕೆಲಸ ನಾವು ಮಾಡ್ಲಿಲ್ಲ, ಕ್ಯಾರಿಯರ್ ಬಾಗಿಲು ತೆಗ್ದಿಟ್ಟು ಹಾಸಿಗೆ ಮೂಲೇಲಿ ಇಟ್ವಿ, ನಮ್ಮಿಬ್ಬರಲ್ಲಿ ಒಬ್ರು ರೂಮಲ್ಲೇ ಇದ್ವಿ. ಮಧ್ಯಾಹ್ನ ಊಟಕ್ಕೆ ಅಂತ ಬೋಟ್ ದಡಕ್ಕೆ ಕಟ್ಟಿ ಇಂಜಿನ್ ಆಫ್ ಮಾಡಿದ್ರಲ್ಲ, ಆವಾಗ ತಾನಾಗೇ ಬಂದ, ಮಂಚದಡಿ ಎಲ್ಲಾ ಮೂಸಿದ, ಕಿಟಕಿ ಕಟ್ಟೆ ಹತ್ತಿದ. ಮತ್ತೆ ಬೋಟ್ ಹೊರಟಾಗ ಕಿವಿ ಮಡಚಿದ ಆದ್ರೆ ಕಿಟಕಿ ಬಿಡ್ಲಿಲ್ಲ. ವಾಂತಿ ಆಗ್ಲಿಲ್ಲ, ಹತ್ತೋಕೆ ಮೂರ್ನಾಲ್ಕು ಗಂಟೆ ಮುಂಚಿಂದ ಊಟ ಕೊಟ್ಟಿರ್ಲಿಲ್ಲ. ವಾಂತಿ ಭಯ ಇದ್ರೆ ಮಾತ್ರೆ ಬಗ್ಗೆ ಮುಂಚೆನೇ ನಿಮ್ಮ ವೆಟ್ ಹತ್ರ ಕೇಳಿ, ಮನುಷ್ಯರ ಮಾತ್ರೆ ಚೂರು ಮಾಡಿ ಕೊಡೋದು ಬೇಡವೇ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಜೀವನೇ ಹೋಗುತ್ತೆ.

ನಿಜವಾದ ಖುಷಿ ಶುರುವಾಗಿದ್ದು ಸಂಜೆ 5.30 ಆದ್ಮೇಲೆ. ಅಷ್ಟೊತ್ತಿಗೆ ಹೌಸ್‌ಬೋಟ್‌ಗಳು ಓಡಾಟ ನಿಲ್ಲಿಸ್ಬೇಕು, ಮೀನುಗಾರರು ಬಲೆ ಬಿಡೋ ಹೊತ್ತು ಅದು. ಕೈನಕರಿ ಕಡೆ ಒಂದು ತೋಟದ ಪಕ್ಕ ಕಟ್ಟಿದ್ರು. ಗುಂಡನಿಗೆ ಎದೆ ಬೆನ್ನಿಗೆ ಸುತ್ತೋ ಪಟ್ಟಿ, ಅಂದ್ರೆ ಹಾರ್ನೆಸ್ ಹಾಕಿ, ಬೆಲ್ಟ್ ನನ್ನ ಸೊಂಟಕ್ಕೇ ಸಿಕ್ಕಿಸ್ಕೊಂಡು ಜಗಲಿಗೆ ಕರ್ಕೊಂಡು ಬಂದೆ. ಎದುರಿಗೆ ಸಾಲಾಗಿ ಬಾತುಕೋಳಿ ಹಿಂಡು, ಅವನ್ನ ಕಾಯೋರು ಸಣ್ಣ ದೋಣೀಲಿ ಅಟ್ಕೊಂಡು ಹೋಗ್ತಿದ್ರು, ನೀರುಕಾಗೆ ರೆಕ್ಕೆ ಬಿಚ್ಚಿ ಕಂಬದ ಮೇಲೆ ಕೂತಿತ್ತು, ಗುಂಡ ಹಲ್ಲು ಕಟಕಟ ಅನ್ನಿಸ್ತಾ ಒಂದು ಗಂಟೆಗೂ ಮೇಲೆ ಕೂತಿದ್ದ, ಅಷ್ಟು ಹೊತ್ತು ಒಂದೇ ಕಡೆ ಎಚ್ಚರವಾಗಿ ಕೂತಿದ್ದು ನಾನು ನೋಡೇ ಇಲ್ಲ. ಕೊಟ್ಟ ದುಡ್ಡು ಪೂರ್ತಿ ಆ ಸಂಜೆಗೇ ಸಾರ್ಥಕ. ಇದಕ್ಕೇ ಹೇಳೋದು, ಬೆಕ್ಕಿಗೆ ಡೇ ಕ್ರೂಸ್ ತಗೋಬೇಡಿ. ಅದರಲ್ಲಿ ಇಂಜಿನ್ ಓಡೋ ಹೊತ್ತೇ ಜಾಸ್ತಿ, ಬೆಕ್ಕು ಹೊಂದ್ಕೊಳ್ಳೋ ಹೊತ್ತಿಗೆ ಇಳೀಬೇಕು. ರಾತ್ರಿ ಉಳಿಯೋದೇ ಸರಿ. ಶಿಕಾರ ಅಂತ ಸಣ್ಣ ಬೋಟ್ ಇದಾವಲ್ಲ ಅವು ನಾಲ್ಕೂ ಕಡೆ ತೆರೆದಿರ್ತವೆ, ಬೆಕ್ಕಿಗೆ ಬೇಡವೇ ಬೇಡ.

ಜಗಲಿಗೆ ತರೋವಾಗ ಒಂದು ವಿಷಯ ತಲೇಲಿರ್ಲಿ. ಆ ಕಾಲುವೆಗಳಲ್ಲಿ ನೇರಳೆ ಹೂ ಬಿಡೋ ತೇಲೋ ಕಳೆ ಸಿಕ್ಕಾಪಟ್ಟೆ ಬೆಳೆದಿರುತ್ತೆ, ದಡಕ್ಕೆ ಕಟ್ಟಿದಾಗ ಬೋಟಿನ ಪಕ್ಕದಲ್ಲೇ ಹಚ್ಚಗೆ ಲಾನ್ ಹಾಸಿದಂಗೆ ಕಾಣುತ್ತೆ. ಬೆಕ್ಕು ಅದನ್ನ ನೆಲ ಅಂದ್ಕೊಂಡು ಹಾರಿದ್ರೆ ಮುಗೀತು, ಕೆಳಗೆ ನೀರು, ಬೇರುಗಳ ಮಧ್ಯೆ ಸಿಕ್ಕಾಕೊಳ್ಳುತ್ತೆ. ಗುಂಡ ಎರಡು ಸಲ ಹಾಗೇ ಕುತ್ತಿಗೆ ಚಾಚಿ ಲೆಕ್ಕ ಹಾಕೋದು ನೋಡಿದೆ. ಬೆಲ್ಟ್ ಒಂದೂವರೆ ಮೀಟರಿಗಿಂತ ಉದ್ದ ಬಿಡ್ಬೇಡಿ. ಹಾರ್ನೆಸ್ ಜಾಕೆಟ್ ತರದ್ದು ತಗೊಳ್ಳಿ, ತೆಳ್ಳಗಿನ ದಾರದ ತರದ್ದಾದ್ರೆ ಹೆದರಿದ ಬೆಕ್ಕು ಹಿಂದಕ್ಕೆ ಜಗ್ಗಿ ಜಾರ್ಕೊಂಡು ಬಿಡುತ್ತೆ, ಮನೇಲಿ ಕೆಲವು ವಾರ ಹಾಕಿ ಅಭ್ಯಾಸ ಮಾಡ್ಸಿ. ಲೈಫ್ ಜಾಕೆಟ್ ಸಣ್ಣ ನಾಯಿಗೆ ಅಂತ ಬರೋ ಚಿಕ್ಕ ಸೈಜೇ ಸರಿಹೋಗುತ್ತೆ, ಬೆನ್ನ ಮೇಲೆ ಹಿಡಿ ಇರೋದು ನೋಡಿ ತಗೊಳ್ಳಿ, ಬಿದ್ರೆ ಅದನ್ನ ಹಿಡಿದೇ ಮೇಲೆತ್ತೋದು. ಇನ್ನೊಂದು, ಬೆಕ್ಕಿಗೆ ಈಜು ಬರುತ್ತೆ, ಆದ್ರೆ ನುಣುಪಾದ ಬೋಟಿನ ಗೋಡೆ ಹತ್ತೋಕೆ ಆಗಲ್ಲ. ಆಸ್ಟ್ರೇಲಿಯಾನ ಸುತ್ತಿ ಬಂದ ಕ್ಯಾಪ್ಟನ್ ಮ್ಯಾಥ್ಯೂ ಫ್ಲಿಂಡರ್ಸ್ ಹತ್ರ ಟ್ರಿಮ್ ಅಂತ ಬೆಕ್ಕಿತ್ತು, 1799ರಲ್ಲಿ ಹಡಗಲ್ಲೇ ಹುಟ್ಟಿದ್ದು. ಮರಿ ಇದ್ದಾಗ ಸಮುದ್ರಕ್ಕೆ ಬಿದ್ದು, ಈಜ್ಕೊಂಡು ಬಂದು ಹಗ್ಗ ಹತ್ತಿ ಮೇಲೆ ಬಂತಂತೆ, ಫ್ಲಿಂಡರ್ಸೇ ಬರೆದಿಟ್ಟಿದಾರೆ. ನಾನು ಮನೆಯಿಂದ ಹಳೇ ನಾರಿನ ಡೋರ್‌ಮ್ಯಾಟ್ ಒಂದು ತಗೊಂಡು ಹೋಗಿ, ಹಗ್ಗ ಕಟ್ಟಿ ಬೋಟಿನ ಪಕ್ಕಕ್ಕೆ ನೀರು ಮುಟ್ಟೋ ಹಾಗೆ ಇಳಿಬಿಟ್ಟಿದ್ದೆ, ಉಗುರು ಊರಿ ಹತ್ಬಹುದು. ಡ್ರೈವರ್ ಚೇಟ್ಟಾ (ಮಲಯಾಳಂನಲ್ಲಿ ಅಣ್ಣ) ಮೊದ್ಲು ಏನಿದು ಅಂತ ನೋಡಿದ್ರು, ವಿಷಯ ಹೇಳಿದ್ಮೇಲೆ ಅವರೇ ಇನ್ನೊಂದು ಗಂಟು ಬಿಗಿಯಾಗಿ ಹಾಕಿಕೊಟ್ರು.

ಊಟಕ್ಕೆ ಪೂರ್ತಿ ಮಾರ್ಕ್ಸ್. ನಮಗೆ ಕರಿಮೀನ್ ಪೊಳ್ಳಿಚ್ಚದ್, ಬಾಳೆಲೇಲಿ ಸುತ್ತಿ ಬೇಯ್ಸಿದ್ದು, ಬಿಸಿ ಬಿಸಿ ಕುಚ್ಚಲಕ್ಕಿ ಅನ್ನ. ಮೀನಿನ ವಾಸನೆಗೆ ಗುಂಡ ಬಾಗಿಲು ಕೆರೆಯೋಕೆ ಶುರು ಮಾಡಿದ, ಆದ್ರೆ ಆ ಮಸಾಲೆ ಅವನಿಗೆ ಕೊಡೋ ಹಾಗಿಲ್ಲ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಾನೇ ಕೆಡಿಸುತ್ತೆ. ಅಡುಗೆ ಚೇಟ್ಟಾಗೆ ಹೇಳಿದ್ದಕ್ಕೆ ಒಂದು ತುಂಡು ಉಪ್ಪು ಖಾರ ಏನೂ ಹಾಕದೆ ಬೇಯ್ಸಿ, ಮುಳ್ಳು ಬಿಡಿಸಿ, ತಟ್ಟೇಲಿ ಹಾಕಿ ಅವರೇ ತಂದುಕೊಟ್ರು. ಇಷ್ಟು ಅಕ್ಕರೆಯಿಂದ ನೋಡ್ಕೊಳ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ. ಹಸಿ ಮಾಂಸ, ಅದ್ರಲ್ಲೂ ಹಸಿ ಬಾತು ಕೋಳಿ, ಅಲ್ಲಿ ಕೊಡ್ಲೇಬೇಡಿ. 2024ರ ಏಪ್ರಿಲಲ್ಲಿ ಆಲೆಪ್ಪಿ ಜಿಲ್ಲೆಯ ಎಡತ್ವಾ, ಚೆರುತನ ಕಡೆ ಬಾತುಗಳಿಗೆ ಹಕ್ಕಿಜ್ವರ ಬಂದಿತ್ತು, ಆ ವೈರಸ್ ಬೆಕ್ಕಿಗೂ ಹತ್ತುತ್ತೆ. ದಡದಲ್ಲಿ ಸತ್ತ ಹಕ್ಕಿ ಬಿದ್ದಿದ್ರೆ ಹತ್ರ ಬಿಡ್ಬೇಡಿ. ಕುಡಿಯೋ ನೀರೂ ಕ್ಯಾನಿಂದೇ ಕೊಡಿ, ಕಾಯಲಿನ, ಅಂದ್ರೆ ಹಿನ್ನೀರಿನ ನೀರು ಬೇಡ.

ಕತ್ತಲಾದ್ಮೇಲೆ ಸೊಳ್ಳೆ. ನಾವು ಬತ್ತಿ ಹಚ್ಚೋಕೆ ಬಿಡ್ಲಿಲ್ಲ, ಬಾಗಿಲು ಹಾಕಿ ಎಸಿ ಹಾಕಿದ್ವಿ, ಸೊಳ್ಳೆ ಬ್ಯಾಟ್ ಇತ್ತು. ಉಣ್ಣೆ ಚಿಗಟ ಅಂತ ನಾಯಿಗೆ ಹಾಕೋ ಪರ್ಮೆಥ್ರಿನ್ ಡ್ರಾಪ್ಸ್ ಮಾತ್ರ ಬೆಕ್ಕಿನ ಮೈಗೆ ಸೋಕಿಸ್ಲೇಬೇಡಿ, ಫಿಟ್ಸ್ ಬಂದು ಸತ್ತೇ ಹೋಗ್ತವೆ. ರಾತ್ರಿ ದಡದಿಂದ ಬೋಟಿಗೆ ಹಾಕಿರೋ ಹಲಗೆ ತೆಗೆಸಿಬಿಡಿ. ಅಡುಗೆ ವಾಸನೆಗೆ ಊರ ಬೆಕ್ಕು ನಾಯಿ ಎರಡೂ ಹತ್ತಿ ಬರ್ತವೆ, ನಮ್ಮಲ್ಲೂ ಒಂದು ಬಂದು ಕಿಟಕಿ ಆಚೆ ಕೂತು ಗುಂಡನ ಜೊತೆ ಗುರ್ ಅಂತು. ಹೆಲ್ಪರ್ ಹುಡುಗ ಎದ್ದು ಅದನ್ನ ದಡಕ್ಕೆ ಓಡಿಸಿ ಹಲಗೆ ಎಳೆದಿಟ್ಟ.

ಗುಂಡ ಕಕ್ಕಸಿಗೆ ಹೋಗೋ ಲಿಟ್ಟರ್ ಟ್ರೇ ಬಾತ್‌ರೂಮಲ್ಲಿ ಇಟ್ವಿ. ಎತ್ತಿದ್ದನ್ನ ಕವರಲ್ಲಿ ಕಟ್ಟಿ ವಾಪಸ್ ತಂದು ದಡದ ಕಸಕ್ಕೇ ಹಾಕಿದ್ದು, ಯಾರಾದ್ರೂ ನೀರಿಗೆ ಹಾಕಿ ಪರ್ವಾಗಿಲ್ಲ ಅಂದ್ರೂ ಹಾಕ್ಬೇಡಿ. ವೆಂಬನಾಡ್ ಕಾಯಲ್ 2002ರಿಂದ ರಾಮ್ಸರ್ ಪಟ್ಟೀಲಿ, ಅಂದ್ರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟೀಲಿರೋ ಜಾಗ, ಅದೇ ನೀರಲ್ಲಿ ದಡದ ಜನ ಪಾತ್ರೆ ತೊಳೀತಾರೆ, ಸ್ನಾನ ಮಾಡ್ತಾರೆ. ಬೆಕ್ಕಿನ ಹೇಲಲ್ಲಿ ಟಾಕ್ಸೋಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿ ಇರೋ ಸಾಧ್ಯತೆ ಇರುತ್ತೆ, ಬಸುರಿಯರಿಗೆ ಅದು ಒಳ್ಳೇದಲ್ಲ. ಹಾಸಿಗೆ ಮೇಲೆ ಹಾಸೋಕೆ ಮನೆ ಬೆಡ್‌ಶೀಟೇ ತಗೊಂಡು ಹೋಗಿದ್ವಿ, ಕೂದಲು ಅವರ ಬಟ್ಟೆಗೆ ಅಂಟ್ಬಾರ್ದು ಅಂತ, ಗುಂಡನಿಗೂ ಅದರ ವಾಸನೆ ಗೊತ್ತಿರೋದ್ರಿಂದ ಬೇಗ ಮಲಗಿದ. ಮೂರೂ ಜನ ಸ್ಟಾಫಿಗೆ ಟಿಪ್ಸ್ ಸ್ವಲ್ಪ ಕೈ ಬಿಚ್ಚಿನೇ ಕೊಡಿ, ಬೆಕ್ಕಿದ್ರೆ ಅವರಿಗೆ ಕೆಲಸ ಜಾಸ್ತಿನೇ.

ಕರಾವಳಿ ಕಡೆಯವರು ಇಷ್ಟು ದೂರ ಹೋಗ್ಬೇಕಿಲ್ಲ, ಉಡುಪಿ ಹತ್ರ ಸ್ವರ್ಣಾ ನದೀಲೂ ಹೌಸ್‌ಬೋಟ್ ಇವೆ. ನಾವು ಮುಂದಿನ ಚಳಿಗಾಲಕ್ಕೆ ಅಲ್ಲಿಗೆ ಫೋನ್ ಮಾಡೋಣ ಅಂತಿದೀವಿ, ಕಾರಲ್ಲಿ ಕೂರೋ ಹೊತ್ತು ಕಮ್ಮಿ ಆಗುತ್ತೆ. ಯಾರಾದ್ರೂ ಬೆಕ್ಕಿನ ಜೊತೆ ಹೋಗಿ ಬಂದಿದ್ರೆ ಹಗಲು ಎಸಿ ಕೊಡ್ತಾರಾ, ಬಾತ್‌ರೂಮಿನ ವೆಂಟಿಲೇಟರ್ ಹೇಗಿದೆ, ಇವೆರಡು ತಿಳ್ಸಿ ದಯವಿಟ್ಟು.