ಮಾಳಿಗೆ ಮೇಲಿನ ಕಾಳುಮೆಣಸು: ಹಿಪ್ಪಲಿ ಕಸಿಗಿಂತ ಸಾದಾ ಗಿಡವೇ ಲೇಸು

ಹುಬ್ಬಳ್ಳಿಯಲ್ಲಿದ್ದು ಕುಂಡದಲ್ಲಿ ಕಾಳುಮೆಣಸು ಬೆಳೆಸೋ ಆಸೆ ಇದ್ದರೆ ಸಾದಾ ಪೊದೆ ಮೆಣಸನ್ನೇ ತನ್ನಿ. ಅದನ್ನೂ, ಹಿಪ್ಪಲಿ ಬುಡಕ್ಕೆ ಕಸಿ ಕಟ್ಟಿದ ಮೆಣಸಿನ ಗಿಡವನ್ನೂ ಮೂರು ವರ್ಷ ಸಾಕಿ ನೋಡಿದ ಮೇಲೆ ಹೇಳ್ತಿದ್ದೇನೆ.

ಶಿರಸಿ ಕಡೆ ಹೋದಾಗ ಎರಡು ಗಿಡ ತಂದಿದ್ದೆ. ಒಂದು, ಪಣಿಯೂರು-1ರ ಅಡ್ಡ ರೆಂಬೆಗೆ ಬೇರು ಬರಿಸಿದ್ದು, 60 ರೂಪಾಯಿ. ಕೇರಳದಲ್ಲಿ 1971ರಲ್ಲಿ ಬಿಡುಗಡೆಯಾದ ಹಳೇ ತಳಿ. ಅಡ್ಡ ರೆಂಬೆಯದಾದ್ದರಿಂದ ಬಳ್ಳಿಯಾಗಿ ಹಬ್ಬದೆ ಪೊದೆಯಾಗುತ್ತದೆ. ಇನ್ನೊಂದು, ಅಂಥದ್ದೇ ರೆಂಬೆಯನ್ನು ಕೊಲುಬ್ರಿನಂ ಬುಡಕ್ಕೆ ಕಸಿ ಕಟ್ಟಿದ್ದು, 150. ಕೊಲುಬ್ರಿನಂ ಮೆಣಸಿನ ಕುಟುಂಬದ್ದೇ ಪೊದೆಗಿಡ, ತವರು ದಕ್ಷಿಣ ಅಮೆರಿಕ. ಬ್ರೆಜಿಲ್ ಹಿಪ್ಪಲಿ ಅಂತಲೂ ಕರೆಯುತ್ತಾರೆ. ಶೀಘ್ರ ಸೊರಗು ರೋಗವನ್ನು ತಡೆಯುತ್ತದೆ, ಜೌಗಿನಲ್ಲೂ ಬದುಕುತ್ತದೆ. ಅದಕ್ಕೇ ಜಾಸ್ತಿ ದುಡ್ಡು ಕೊಟ್ಟೆ.

ಮೊದಲ ಮಳೆಗಾಲದಲ್ಲಿ ಕಸಿ ಗಿಡ ಭರ್ಜರಿಯಾಗಿ ಚಿಗುರಿತು. ಖುಷಿಯಿಂದ ಗೊಬ್ಬರ ಹಾಕಿದೆ. ಒಂದು ದಿನ ತೆನೆ ಕಾಣಿಸಿತು, ಆದರೆ ನೆಟ್ಟಗೆ ಮೇಲಕ್ಕೆ ನಿಂತಿತ್ತು. ಮೆಣಸಿನ ತೆನೆ ಜೋತು ಬೀಳಬೇಕಲ್ವಾ? ಬಗ್ಗಿ ನೋಡಿದರೆ ಅಷ್ಟೂ ಚಿಗುರು ಕಸಿ ಗಂಟಿನ ಕೆಳಗಿಂದ ಬಂದದ್ದು! ಎಲೆ ಉದ್ದುದ್ದ. ಮೇಲಿನ ಮೆಣಸಿನ ರೆಂಬೆಯಲ್ಲಿ ಉಳಿದದ್ದು ಎರಡೇ ಎಲೆ, ಅವೂ ಹಳದಿ.

ಎಲ್ಲ ಚಿವುಟಿದೆ. ವಾರದಲ್ಲಿ ಮತ್ತೆ ಬಂತು. ಅಂದಿನಿಂದ ಪ್ರತಿ ಭಾನುವಾರ ಅದೇ ಕೆಲಸ. ಊರಿಗೆ ಹೋಗಿ 15 ದಿನ ಬಿಟ್ಟು ಬಂದರೆ ಚಿಗುರು ಗೇಣುದ್ದ. ನೌಕರಿ ಮಾಡೋರಿಗೆ ಇದು ಆಗೋ ಮಾತಲ್ಲ.

ನೀರಿನದು ಇನ್ನೊಂದು ಪಾಡು. ಜೌಗಿನ ಬೇರಿಗೆ ದಿನಾ ನೀರು ಬೇಕು, ನಮ್ಮ ನಳಕ್ಕೆ ದಿನಾ ನೀರು ಬರೋದಿಲ್ಲ. ಏಪ್ರಿಲ್ ಬಿಸಿಲಿಗೆ ಕಸಿ ಗಿಡ ಮಧ್ಯಾಹ್ನಕ್ಕೇ ಬಾಡಿ ನಿಲ್ಲುತ್ತಿತ್ತು. ಪಕ್ಕದಲ್ಲೇ ಹಸಿರು ಪರದೆಯ ನೆರಳಲ್ಲಿದ್ದ ಸಾದಾ ಗಿಡ ಒಂದು ದಿನ ತಪ್ಪಿದರೂ ತಡೆದುಕೊಂಡಿತು.

ಸಾದಾ ಗಿಡಕ್ಕೆ ನೀರು ನಿಂತರೆ ಆಗೋದಿಲ್ಲ, ಬೇರು ಕೊಳೆಯುತ್ತದೆ. ಹಾಗಾಗಿ ಕುಂಡಕ್ಕೆ ಬರೀ ಎರೆ ಮಣ್ಣು ತುಂಬಬೇಡಿ. ಮಸಾರಿ ಮಣ್ಣು, ಮರಳು, ಸೆಗಣಿ ಗೊಬ್ಬರ ಸಮ ಸಮ ಹಾಕಿದ್ದೇನೆ.

ರುಚಿಯಲ್ಲಿ ಫರಕಿಲ್ಲ. ತೋಟದಲ್ಲಿ ನೀರು ನಿಲ್ಲೋ ಜಾಗ ಇದ್ದವರು, ಆಳು ಇದ್ದವರು ಕಸಿ ತರಲಿ.

ಕಳೆದ ಜನವರಿಯಲ್ಲಿ ಅವ್ವ ಸಾದಾ ಗಿಡದ ಹಸಿ ಮೆಣಸು ಕಿತ್ತು, ತೆನೆ ಸಮೇತ ಉಪ್ಪು-ನಿಂಬೆರಸದಲ್ಲಿ ಹಾಕಿದ್ದಳು. ರೊಟ್ಟಿ ಜೊತೆ ಒಂದೇ ವಾರಕ್ಕೆ ಬಾಟಲಿ ಖಾಲಿ. ಈ ಜೂನಿನಲ್ಲಿ ಅದೇ ಗಿಡದ ಅಡ್ಡ ರೆಂಬೆಗೆ ಬೇರು ಬರಿಸಿ ಇನ್ನೆರಡು ಕುಂಡ ಮಾಡುತ್ತೇನೆ. ಅದಕ್ಕೆ 60 ರೂಪಾಯಿಯೂ ಬೇಡ.